ಅರಿವಳಿಕೆಯಲ್ಲಿ ಕೊಡುವ ಸ್ನಾಯು ಸಡಿಲಿಸುವ ಔಷಧ: ನನ್ನ ಮೈನೋವು, ಅಣ್ಣನ ಹಳೆಯ ಘಟನೆ

ಮುಂಜಾವು (ಸೋಮವಾರ ರಾತ್ರಿ)

ಕಳೆದ ಗುರುವಾರ ನನಗೊಂದು ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಬೆಳಿಗ್ಗೆ ಒಳಗೆ ಕರೆದೊಯ್ದರು, ಸಂಜೆ ಮನೆಗೆ ಕಳುಹಿಸಿದರು. ಆ ದಿನ ಹಾಯಾಗಿಯೇ ಇದ್ದೆ. ಮರುದಿನ ಹಾಸಿಗೆಯಿಂದ ಏಳಲು ಹೋದಾಗ ಕತ್ತು, ಭುಜ, ಪಕ್ಕೆ, ಬೆನ್ನು ಎಲ್ಲವೂ ಒನಕೆಯಿಂದ ಕುಟ್ಟಿದಂತಿದ್ದವು. ಹೊಲಿಗೆ ಹಾಕಿದ ಜಾಗದಲ್ಲಿ ಅಂಥ ನೋವಿಲ್ಲ, ಯಾರೂ ಮುಟ್ಟದ ಕತ್ತು ಮಾತ್ರ ತಿರುಗುತ್ತಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ “ಮಲಗಿದ ಭಂಗಿಯಿಂದ ಆಗಿರಬಹುದು” ಎಂದರು. ಶನಿವಾರ ಇನ್ನೂ ಹೆಚ್ಚಾಯಿತು, ಇಂದು ಇಳಿದಿದೆ.

ಡಿಸ್ಚಾರ್ಜ್ ಪತ್ರದ ಜೊತೆಗಿದ್ದ ಅರಿವಳಿಕೆ ಹಾಳೆಯಲ್ಲಿ “ಸಕ್ಸಿನೈಲ್‌ಕೋಲಿನ್” ಎಂದು ಬರೆದಿದೆ. ಸ್ನಾಯು ಸಡಿಲಿಸುವ ಔಷಧ ಎಂದು ಗೊತ್ತಾಯಿತು. ಸ್ನಾಯುವನ್ನು ಸಡಿಲಿಸಲೆಂದೇ ಕೊಟ್ಟ ಔಷಧದಿಂದ ಸ್ನಾಯು ಹೀಗೆ ನೋಯುವುದು ಹೇಗೆ?

ನಿದ್ದೆ ಬಾರದಿರುವುದಕ್ಕೆ ಇನ್ನೊಂದು ಕಾರಣವಿದೆ. ಹನ್ನೊಂದು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿತ್ತು. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದದ್ದು. ಅವನನ್ನು ಐದು ಗಂಟೆಗೂ ಹೆಚ್ಚು ಹೊತ್ತು ವೆಂಟಿಲೇಟರ್‌ನಲ್ಲಿ ಇಟ್ಟಿದ್ದರು. “ಅರಿವಳಿಕೆ ಸ್ವಲ್ಪ ಜಾಸ್ತಿ ಆಯಿತು” ಎಂದಷ್ಟೇ ನಮಗೆ ಹೇಳಿದರು. ಮುಂದಿನ ತಿಂಗಳು ನನ್ನ ಒಂಬತ್ತು ವರ್ಷದ ಮಗನಿಗೆ ಟಾನ್ಸಿಲ್ ತೆಗೆಯಬೇಕಿದೆ. ನನ್ನ ನೋವಿಗೂ ಅಣ್ಣನಿಗೆ ಆದದ್ದಕ್ಕೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ನಿದ್ದೆಗಾವಲು (ಸೋಮವಾರ ರಾತ್ರಿ)

ಮುಂಜಾವು ಅವರೇ, ನಾನು ಅರಿವಳಿಕೆ ವೈದ್ಯ. ನಿಮ್ಮ ದಾಖಲೆ ನೋಡದೆ ಖಚಿತವಾಗಿ ಹೇಳಲಾರೆ. ಆದರೂ ನೀವು ಬರೆದ ನೋವಿನ ಚಿತ್ರ ನನಗೆ ಚೆನ್ನಾಗಿ ಪರಿಚಯವಿರುವಂಥದು.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವಿನ ಮೇಲಿನ ಗ್ರಾಹಕಕ್ಕೆ ಅಂಟಿದಾಗ ಸ್ನಾಯು ಕುಗ್ಗುತ್ತದೆ. ಸ್ನಾಯು ಸಡಿಲಿಸುವ ಔಷಧಗಳಲ್ಲಿ ಎರಡು ಬಗೆ. ರೋಕುರೋನಿಯಂ, ವೆಕುರೋನಿಯಂ, ಅಟ್ರಾಕುರಿಯಂ ಮುಂತಾದವು ಆ ಗ್ರಾಹಕವನ್ನು ಆಕ್ರಮಿಸಿ ಸುಮ್ಮನೆ ಕೂರುತ್ತವೆ. ಬೀಗದ ಕಿಂಡಿಗೆ ತಪ್ಪು ಕೀಲಿ ತುರುಕಿದಂತೆ: ತಿರುಗುವುದಿಲ್ಲ, ಸರಿಯಾದ ಕೀಲಿ ಒಳಗೆ ಬರಲೂ ಬಿಡುವುದಿಲ್ಲ. ಸಕ್ಸಿನೈಲ್‌ಕೋಲಿನ್ ಹಾಗಲ್ಲ. ಥಿಯೇಟರಿನಲ್ಲಿ ನಾವು ಸ್ಕೋಲಿನ್ ಎನ್ನುವುದು ಇದನ್ನೇ. ಇದು ಎರಡು ಅಸಿಟೈಲ್‌ಕೋಲಿನ್ ಅಣುಗಳನ್ನು ಜೋಡಿಸಿದಂತಿರುವ ವಸ್ತು. ಮೊದಲು ಸ್ನಾಯುವನ್ನು ಕೆರಳಿಸುತ್ತದೆ, ಆಮೇಲೆ ಹಿಡಿತ ಬಿಡದೆ ಅದನ್ನು ನಿಶ್ಚಲಗೊಳಿಸುತ್ತದೆ. ಚುಚ್ಚಿದ ಕೆಲವೇ ಕ್ಷಣಗಳಲ್ಲಿ ರೋಗಿಯ ರೆಪ್ಪೆ, ಮುಖ, ಎದೆ, ಕಾಲುಗಳಲ್ಲಿ ಸಣ್ಣ ಸಣ್ಣ ಅದುರುವಿಕೆ ಅಲೆಯಂತೆ ಹರಿದುಹೋಗುವುದು ನಮಗೆ ಕಣ್ಣಿಗೆ ಕಾಣುತ್ತದೆ. ನೀವು ಆಗ ನಿದ್ದೆಯಲ್ಲಿರುತ್ತೀರಿ.

ಮರುದಿನದ ನೋವಿಗೆ ಈ ಅಡ್ಡಾದಿಡ್ಡಿ ಕುಗ್ಗುವಿಕೆಯೇ ಮುಖ್ಯ ಕಾರಣ ಎಂಬುದು ಸಾಮಾನ್ಯ ವಿವರಣೆ. ಆದರೆ ಹೆಚ್ಚು ಅದುರಿದವರಿಗೆ ಹೆಚ್ಚು ನೋವು ಎಂಬ ನೇರ ಲೆಕ್ಕ ಸಿಗುವುದಿಲ್ಲ. ಕತ್ತು, ಭುಜ, ಬೆನ್ನು, ಹೊಟ್ಟೆಯ ಸ್ನಾಯುಗಳಲ್ಲಿ ಒಂದೆರಡು ದಿನ ಇದ್ದು ತಾನಾಗಿಯೇ ಹೋಗುತ್ತದೆ. ಸಣ್ಣ ಚಿಕಿತ್ಸೆ ಮಾಡಿಸಿಕೊಂಡು ಅದೇ ದಿನ ಎದ್ದು ಓಡಾಡುವ ಆರೋಗ್ಯವಂತ ವಯಸ್ಕರಲ್ಲೇ ಇದು ಹೆಚ್ಚು. ಮೊದಲೇ ಹೇಳಿಬಿಟ್ಟಿದ್ದರೆ ನೀವು ಮೂರು ದಿನ ಹೆದರಬೇಕಿರಲಿಲ್ಲ. ನಮ್ಮ ವೃತ್ತಿಯವರು ಇದನ್ನು ಹೇಳುವುದು ಕಡಿಮೆ, ಅದು ನಮ್ಮ ತಪ್ಪು.

ನಿಮ್ಮ ಅಣ್ಣನ ವಿಷಯ ಬೇರೆಯೇ. ಅದು ನನ್ನನ್ನು ನಿಮ್ಮ ನೋವಿಗಿಂತ ಹೆಚ್ಚು ಯೋಚನೆಗೆ ಹಚ್ಚಿದೆ. ಅವರ ಆಗಿನ ಕಾಗದಗಳು ಸಿಗುತ್ತವೆಯೇ ನೋಡಿ.

ಮುಂಜಾವು

ಡಾಕ್ಟರೇ, ಓದಿ ಅರ್ಧ ಭಾರ ಇಳಿಯಿತು, ಉಳಿದರ್ಧ ಹೆಚ್ಚಾಯಿತು. ಅಣ್ಣನ ಕಾಗದ ಅತ್ತಿಗೆಯ ಬಳಿ ಇರಬಹುದು. ಕೇಳುತ್ತೇನೆ.

ಔಷಧಶಾಸ್ತ್ರ ವಿದ್ಯಾರ್ಥಿ

ಓದುತ್ತಿರುವ ವಿಷಯವಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಸಕ್ಸಿನೈಲ್‌ಕೋಲಿನ್ ಒಂದು ನಿಮಿಷದೊಳಗೆ ಕೆಲಸ ಆರಂಭಿಸಿ ಐದರಿಂದ ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟು ಬೇಗ ಮುಗಿಯಲು ಕಾರಣ ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಸ್ಯೂಡೋಕೋಲಿನೆಸ್ಟರೇಸ್ ಎಂದರೂ ಇದೇ. ಚುಚ್ಚಿದ ಔಷಧದ ಬಹುಪಾಲನ್ನು ಇದು ಸ್ನಾಯುವಿಗೆ ತಲುಪುವ ಮೊದಲೇ ಒಡೆದುಹಾಕುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಕಿಣ್ವದ ರಚನೆ ದೋಷದಿಂದ ಕೂಡಿರುತ್ತದೆ. ಅಂಥವರಿಗೆ ಹತ್ತು ನಿಮಿಷದ ಔಷಧ ಗಂಟೆಗಟ್ಟಲೆ ಎಳೆಯುತ್ತದೆ. ಇದಕ್ಕೆ ಸ್ಕೋಲಿನ್ ಅಪ್ನಿಯಾ ಎನ್ನುತ್ತಾರೆ. ಅಪ್ನಿಯಾ ಎಂದರೆ ಉಸಿರು ನಿಲ್ಲುವುದು. ನಿಮ್ಮ ಅಣ್ಣನವರದು ಇದೇ ಇರಬಹುದೇ?

ನಿದ್ದೆಗಾವಲು

ನಾನೂ ಅದನ್ನೇ ಯೋಚಿಸಿದ್ದು. ಆದರೆ ಕಾಗದ ನೋಡದೆ ಹೇಳಬಾರದು. ತಡವಾಗಿ ಉಸಿರು ಬರಲು ಬೇರೆ ಕಾರಣಗಳೂ ಇವೆ.

ಪ್ರಶ್ನಾರ್ಥಕ (ಮಂಗಳವಾರ ಬೆಳಿಗ್ಗೆ)

ಇಷ್ಟು ತೊಂದರೆ ಕೊಡುವ ಔಷಧವನ್ನು ಕೊಡುವುದೇ ಏಕೆ? ನಿದ್ದೆ ಬರಿಸಿದರೆ ಸಾಲದೇ? ಮನುಷ್ಯನ ಉಸಿರನ್ನೇ ನಿಲ್ಲಿಸಿ ಆಮೇಲೆ ಯಂತ್ರದಿಂದ ಉಸಿರಾಡಿಸುವುದು ನನಗೆ ವೈದ್ಯರ ಅನುಕೂಲಕ್ಕಾಗಿ ಮಾಡುವ ಕೆಲಸದಂತೆ ಕಾಣುತ್ತದೆ. ಕಟುವಾಗಿ ಹೇಳುತ್ತಿದ್ದರೆ ಕ್ಷಮಿಸಿ. ನನ್ನ ತಾಯಿಗೂ ಶಸ್ತ್ರಚಿಕಿತ್ಸೆ ಇದೆ, ಅದಕ್ಕಾಗಿ ಕೇಳುತ್ತಿದ್ದೇನೆ.

ನಿದ್ದೆಗಾವಲು

ಕ್ಷಮೆ ಬೇಡ, ಕೇಳಲೇಬೇಕಾದ ಪ್ರಶ್ನೆ.

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೊಂದರಲ್ಲಿ ಅರಿವಳಿಕೆಯ ಜೊತೆಗೆ ಕ್ಯುರಾರೆಯನ್ನು ಕೊಟ್ಟರು. ದಕ್ಷಿಣ ಅಮೆರಿಕದ ಕಾಡುಗಳ ಮೂಲನಿವಾಸಿಗಳು ಬೇಟೆಯ ಬಾಣಕ್ಕೆ ಹಚ್ಚುತ್ತಿದ್ದ ಬಳ್ಳಿಯ ವಿಷ ಅದು. ಅದಕ್ಕೂ ಮೊದಲು ಹೊಟ್ಟೆಯ ಸ್ನಾಯು ಸಡಿಲವಾಗಬೇಕೆಂದರೆ ಈಥರ್‌ನಂಥ ಅನಿಲವನ್ನು ತೀರಾ ಆಳಕ್ಕೆ ಕೊಂಡೊಯ್ಯಬೇಕಿತ್ತು. ರಕ್ತದೊತ್ತಡ ಕುಸಿಯುತ್ತಿತ್ತು, ಉಸಿರು ಕುಗ್ಗುತ್ತಿತ್ತು, ಹೃದಯ ದಣಿಯುತ್ತಿತ್ತು. ವಯಸ್ಸಾದವರು, ದುರ್ಬಲರು ಅದನ್ನು ತಾಳುತ್ತಿರಲಿಲ್ಲ. ಸ್ನಾಯು ಸಡಿಲಿಸುವುದಕ್ಕೆ ಪ್ರತ್ಯೇಕ ಔಷಧ ಬಂದ ಮೇಲೆ ನಿದ್ದೆಗೆ ಬೇಕಾದಷ್ಟೇ ನಿದ್ದೆ ಕೊಟ್ಟು, ನೋವಿಗೆ ಬೇಕಾದಷ್ಟೇ ನೋವುನಿವಾರಕ ಕೊಟ್ಟು ಕೆಲಸ ನಡೆಸುವುದು ಸಾಧ್ಯವಾಯಿತು. ತುರ್ತು ಸ್ಥಿತಿಯಲ್ಲಿ, ಹೊಟ್ಟೆ ತುಂಬಿರುವ ರೋಗಿಯ ಶ್ವಾಸನಾಳಕ್ಕೆ ಒಂದೇ ನಿಮಿಷದಲ್ಲಿ ಕೊಳವೆ ಹಾಕಬೇಕಾದಾಗ ಇದಿಲ್ಲದಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತು.

ಹಾಗೆಂದು ಎಲ್ಲರಿಗೂ ಬೇಕಿಲ್ಲ ಎಂಬುದೂ ನಿಜ. ಬೆನ್ನಿಗೆ ಚುಚ್ಚುವ ಅರಿವಳಿಕೆಯಲ್ಲಿ, ಗಂಟಲ ಮೇಲೆ ಕೂರುವ ಮಾಸ್ಕ್ ಬಳಸಿ ಮಾಡುವ ಎಷ್ಟೋ ಚಿಕಿತ್ಸೆಗಳಲ್ಲಿ ಇದನ್ನು ಕೊಡುವುದೇ ಇಲ್ಲ. 2019ರಲ್ಲಿ ಯುರೋಪಿನ 28 ದೇಶಗಳ 22,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಈ ಔಷಧ ಪಡೆದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ತೊಂದರೆಗಳು ಹೆಚ್ಚಾಗಿ ಕಂಡವು. “ನನ್ನ ತಾಯಿಗೆ ಇದು ಬೇಕೇ?” ಎಂದು ನೀವು ಕೇಳುವುದು ನ್ಯಾಯವೇ. ಉತ್ತರ ಕೊಡುವುದು ಅವರ ಅರಿವಳಿಕೆ ವೈದ್ಯರ ಕರ್ತವ್ಯ.

ಚೇತರಿಕೆ ಕೋಣೆ (ಮಂಗಳವಾರ ಮಧ್ಯಾಹ್ನ)

ನಾನು ನರ್ಸ್, ಹದಿನಾರು ವರ್ಷಗಳಿಂದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರನ್ನು ನೋಡಿಕೊಳ್ಳುವ ಕೋಣೆಯಲ್ಲಿದ್ದೇನೆ. ಡಾಕ್ಟರ್ ಹೇಳಿದ ಶ್ವಾಸಕೋಶದ ತೊಂದರೆಯ ಒಂದು ತುದಿ ನಾನು ಪ್ರತಿದಿನ ಕಾಣುವಂಥದು. ಔಷಧದ ಪರಿಣಾಮ ಪೂರ್ತಿ ಇಳಿಯದೆ ಉಳಿದಿರುತ್ತದೆ.

ರೋಗಿ ಎದ್ದಿರುತ್ತಾನೆ, ಹೆಸರು ಕೇಳಿದರೆ ಹೇಳುತ್ತಾನೆ. ಆದರೆ ರೆಪ್ಪೆ ಅರ್ಧ ಮುಚ್ಚಿಕೊಂಡೇ ಇರುತ್ತದೆ. ನನ್ನ ಮುಖ ಎರಡೆರಡು ಕಾಣುತ್ತಿದೆ ಎನ್ನುತ್ತಾನೆ. ಮಾತು ತೊದಲುತ್ತದೆ, ಜೊಲ್ಲು ನುಂಗಲು ಬರುವುದಿಲ್ಲ, ಕೆಮ್ಮಿದರೆ ಗಂಟಲಲ್ಲೇ ಉಳಿಯುತ್ತದೆ. ದೂರದಿಂದ ನೋಡಿದವರಿಗೆ ಇನ್ನೂ ಮಂಪರು ಎನ್ನಿಸುತ್ತದೆ. ಮಂಪರಲ್ಲ ಅದು. ವಪೆ, ಎಂದರೆ ಉಸಿರಾಟದ ದೊಡ್ಡ ಸ್ನಾಯು, ಬೇಗ ಚೇತರಿಸಿಕೊಳ್ಳುತ್ತದೆ. ಗಂಟಲಿನ ಸ್ನಾಯುಗಳು ಹಿಂದೆ ಬೀಳುತ್ತವೆ. ಎದೆ ಏರಿಳಿಯುತ್ತಿದೆ ಎಂದು ನೆಮ್ಮದಿಯಿಂದಿದ್ದರೆ ಮೇಲ್ಗಡೆ ದಾರಿ ಮುಚ್ಚಿಕೊಳ್ಳುತ್ತಿರುತ್ತದೆ.

ನಾನು ಕೆಲಸಕ್ಕೆ ಸೇರಿದಾಗ “ಐದು ಸೆಕೆಂಡು ತಲೆ ಎತ್ತಿ ಹಿಡಿಯಿರಿ” ಎನ್ನುವುದೇ ಪರೀಕ್ಷೆ. ತಲೆ ಎತ್ತಿದವರೂ ಸ್ವಲ್ಪ ಹೊತ್ತಿನಲ್ಲಿ ಉಸಿರಿಗೆ ಕಷ್ಟಪಟ್ಟದ್ದನ್ನು ಕಂಡಿದ್ದೇನೆ. ಈಗ ಮಣಿಕಟ್ಟಿನ ನರಕ್ಕೆ ಎರಡು ಸೆಕೆಂಡಿನಲ್ಲಿ ನಾಲ್ಕು ಸಲ ಸಣ್ಣ ವಿದ್ಯುತ್ ಕೊಟ್ಟು ಹೆಬ್ಬೆರಳು ಎಷ್ಟು ಮಿಡಿಯುತ್ತದೆ ಎಂದು ಅಳೆಯುವ ಯಂತ್ರವಿದೆ. ನಾಲ್ಕನೆಯ ಮಿಡಿತ ಮೊದಲನೆಯದರ 0.9ರಷ್ಟಾದರೂ ಇರಬೇಕು. ಕಣ್ಣಳತೆಯಲ್ಲಿ ನೋಡಿದರೆ 0.4 ದಾಟಿದ ಮೇಲೆ ನಾಲ್ಕೂ ಒಂದೇ ಥರ ಕಾಣುತ್ತವೆ, ಎಷ್ಟೇ ಅನುಭವಿಯಾದರೂ ಅಷ್ಟೇ. ಅಂಕಿ ತೋರಿಸುವ ಯಂತ್ರ ಇರಲೇಬೇಕೆಂದು ನಾನು ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ.

ಪ್ರಶ್ನಾರ್ಥಕ ಅವರೇ, ನಿಮ್ಮ ತಾಯಿಗೆ ಎಚ್ಚರವಾದಾಗ ಎರಡೆರಡು ಕಂಡರೆ, ನುಂಗಲು ಕಷ್ಟವಾದರೆ, ಸುಮ್ಮನಿರದೆ ಪಕ್ಕದಲ್ಲಿರುವ ನರ್ಸ್‌ಗೆ ಹೇಳಲು ಮೊದಲೇ ತಿಳಿಸಿ. ನಮಗೆ ಅದು ಕಿರಿಕಿರಿಯಲ್ಲ, ಬೇಕಾದ ಮಾಹಿತಿ.

ಪ್ರಶ್ನಾರ್ಥಕ

ಹೇಳುತ್ತೇನೆ. ಅವರು ಏನನ್ನೂ ಹೇಳಿಕೊಳ್ಳದ ಜೀವ. ಬರೆದುಕೊಟ್ಟೇ ಕಳುಹಿಸುತ್ತೇನೆ. ಔಷಧದ ಪರಿಣಾಮ ಇಳಿಸಲು ಬೇರೆ ಔಷಧ ಕೊಡುತ್ತಾರಂತೆ, ಅದಕ್ಕೂ ಅಡ್ಡಪರಿಣಾಮ ಇದೆಯೇ?

ಔಷಧಶಾಸ್ತ್ರ ವಿದ್ಯಾರ್ಥಿ

ಇದೆ. ನಿಯೋಸ್ಟಿಗ್ಮಿನ್ ಹಳೆಯದು. ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆದು ಅದರ ಪ್ರಮಾಣ ಹೆಚ್ಚಿಸುತ್ತದೆ. ಆದರೆ ಸ್ನಾಯುವಿನಲ್ಲಿ ಮಾತ್ರವಲ್ಲ, ಹೃದಯ, ಕರುಳು, ಶ್ವಾಸನಾಳಗಳಲ್ಲೂ ಹೆಚ್ಚುತ್ತದೆ. ನಾಡಿ ನಿಧಾನವಾಗುವುದು, ಜೊಲ್ಲು, ಹೊಟ್ಟೆ ಕಿವುಚುವುದು ಅದರ ಫಲ. ಅದನ್ನು ತಡೆಯಲು ಗ್ಲೈಕೋಪೈರೊಲೇಟ್ ಅಥವಾ ಅಟ್ರೋಪಿನ್ ಜೊತೆಗೇ ಕೊಡುತ್ತಾರೆ. ಎದ್ದ ಮೇಲೆ ಬಾಯಿ ಒಣಗುವುದಕ್ಕೆ, ಎದೆ ಬಡಿತ ಜೋರಾಗುವುದಕ್ಕೆ ಇದೂ ಒಂದು ಕಾರಣ. ಸ್ನಾಯುವಿನಲ್ಲಿ ಔಷಧ ಇನ್ನೂ ಗಾಢವಾಗಿದ್ದರೆ ನಿಯೋಸ್ಟಿಗ್ಮಿನ್ ಎಷ್ಟು ಕೊಟ್ಟರೂ ಸಾಲುವುದಿಲ್ಲ.

ಹೊಸದು ಸುಗಮಡೆಕ್ಸ್. ಉಂಗುರದಾಕಾರದ ಸಕ್ಕರೆ ಅಣು, ರೋಕುರೋನಿಯಂ ಅನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ರೋಕುರೋನಿಯಂ ಮತ್ತು ವೆಕುರೋನಿಯಂಗೆ ಮಾತ್ರ ಕೆಲಸ ಮಾಡುತ್ತದೆ. ಅಟ್ರಾಕುರಿಯಂಗೆ, ಸಕ್ಸಿನೈಲ್‌ಕೋಲಿನ್‌ಗೆ ಉಪಯೋಗವಿಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ, ನಾಡಿ ಕುಸಿತ ಆಗುತ್ತದೆ.

ಚೇತರಿಕೆ ಕೋಣೆ

ಹೆಣ್ಣುಮಕ್ಕಳಿಗೆ ಯಾರೂ ಹೇಳದ ಒಂದು ಮಾತು ಇದರ ಜೊತೆಗೆ ಸೇರಲಿ. ಸುಗಮಡೆಕ್ಸ್ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನನ್ನೂ ಹಿಡಿದುಕೊಳ್ಳುತ್ತದೆ. ಮಾತ್ರೆ ನುಂಗುತ್ತಿರುವವರು ಅದನ್ನು ತಪ್ಪಿದ ಮಾತ್ರೆಯಂತೆ ಎಣಿಸಬೇಕು. ಬೇರೆ ಬಗೆಯ ಹಾರ್ಮೋನ್ ಗರ್ಭನಿರೋಧಕ ಬಳಸುವವರು ಏಳು ದಿನ ಹಾರ್ಮೋನ್ ಇಲ್ಲದ ಬೇರೊಂದು ವಿಧಾನವನ್ನೂ ಬಳಸಬೇಕು. ಮನೆಗೆ ಕಳುಹಿಸುವಾಗ ನಾನು ಇದನ್ನು ಪ್ರತಿಯೊಬ್ಬರಿಗೂ ಕಿವಿಯಲ್ಲಿ ಹೇಳುತ್ತೇನೆ.

ನೋವಿನ ಬೆನ್ನು

ನನಗೆ ಬೆನ್ನುನೋವಿಗೆ “ಮಸಲ್ ರಿಲ್ಯಾಕ್ಸಂಟ್” ಎಂದು ಮಾತ್ರೆ ಕೊಟ್ಟಿದ್ದಾರೆ. ಇದನ್ನೆಲ್ಲ ಓದಿ ಎದೆ ಧಸಕ್ಕೆಂದಿತು. ಉಸಿರು ನಿಲ್ಲುತ್ತದೆಯೇ?

ನಿದ್ದೆಗಾವಲು

ಹೆದರಬೇಡಿ, ಹೆಸರು ಮಾತ್ರ ಒಂದೇ. ಬೆನ್ನುನೋವಿನ ಮಾತ್ರೆಗಳು ಮುಖ್ಯವಾಗಿ ಮಿದುಳು, ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡುವಂಥವು. ತೂಕಡಿಕೆ, ತಲೆಸುತ್ತು ಬರಬಹುದು. ಇಲ್ಲಿ ಮಾತಾಡುತ್ತಿರುವುದು ಅಭಿಧಮನಿಗೆ ಚುಚ್ಚುವ, ನರ ಮತ್ತು ಸ್ನಾಯು ಸೇರುವ ಜಾಗವನ್ನೇ ತಡೆಯುವ ಔಷಧಗಳು. ಅವನ್ನು ಉಸಿರಾಟದ ವ್ಯವಸ್ಥೆ ಕೈಯಳತೆಯಲ್ಲಿಲ್ಲದೆ ಯಾರೂ ಕೊಡುವುದಿಲ್ಲ.

ಕೆಂಪು ಪಟ್ಟಿ (ಮಂಗಳವಾರ ರಾತ್ರಿ)

ನನ್ನ ಕೈಯಲ್ಲಿ ಈಗ ಸದಾ ಒಂದು ಕೆಂಪು ಪಟ್ಟಿ ಇರುತ್ತದೆ. ಅದರ ಮೇಲೆ “ರೋಕುರೋನಿಯಂ ಅಲರ್ಜಿ” ಎಂದಿದೆ. ನಾಲ್ಕು ವರ್ಷಗಳ ಹಿಂದೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಮಲಗಿದವಳು ಎದ್ದದ್ದು ತೀವ್ರನಿಗಾ ಘಟಕದಲ್ಲಿ. ಔಷಧ ಕೊಟ್ಟ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಿತು, ಶ್ವಾಸನಾಳ ಬಿಗಿಯಿತು. ಅಡ್ರಿನಲಿನ್ ಕೊಟ್ಟು ಉಳಿಸಿದರು. ಪಿತ್ತಕೋಶ ಹಾಗೇ ಉಳಿಯಿತು!

ಅದಕ್ಕೂ ಮೊದಲು ನನಗೆ ಅರಿವಳಿಕೆಯನ್ನೇ ಕೊಟ್ಟಿರಲಿಲ್ಲ. ಮೊದಲ ಸಲವೇ ಅಲರ್ಜಿ ಹೇಗೆ ಎಂದು ಬಹಳ ಕಾಡಿತು. ಆರು ವಾರಗಳ ನಂತರ ಚರ್ಮದ ಪರೀಕ್ಷೆ ಮಾಡಿದ ವೈದ್ಯರು ವಿವರಿಸಿದರು. ಈ ಔಷಧಗಳಲ್ಲಿರುವ ಒಂದು ರಾಸಾಯನಿಕ ತುಣುಕು ಬೇರೆ ವಸ್ತುಗಳಲ್ಲೂ ಇರುತ್ತದೆಯಂತೆ. ಅದರಲ್ಲೂ ಫೋಲ್ಕೊಡಿನ್ ಎಂಬ ಕೆಮ್ಮಿನ ಔಷಧ. ದೇಹ ಅಲ್ಲಿ ಪರಿಚಯ ಮಾಡಿಕೊಂಡು ಇಲ್ಲಿ ತಿರುಗಿ ಬೀಳುತ್ತದೆ. ನಾನು ಹಿಂದಿನ ಚಳಿಗಾಲವೆಲ್ಲ ಅಂಥದೇ ಸಿರಪ್ ಕುಡಿದಿದ್ದೆ. ನನ್ನ ವಿಷಯದಲ್ಲಿ ಅದೇ ಕಾರಣ ಎಂದು ಯಾರೂ ಸಾಬೀತು ಮಾಡಲಾರರು.

ನಿದ್ದೆಗಾವಲು

ನಿಮ್ಮ ವೈದ್ಯರು ಸರಿಯಾಗಿ ಹೇಳಿದ್ದಾರೆ. ನಾರ್ವೆಯಲ್ಲಿ 2007ರಲ್ಲಿ ಫೋಲ್ಕೊಡಿನ್ ಸಿರಪ್ ಮಾರುಕಟ್ಟೆಯಿಂದ ಹೋಯಿತು, ಆನಂತರದ ವರ್ಷಗಳಲ್ಲಿ ಅಲ್ಲಿ ಈ ಅಲರ್ಜಿಯ ವರದಿಗಳು ಇಳಿದವು. 2022ರ ಡಿಸೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಅದನ್ನು ಹಿಂತೆಗೆಯಲು ಶಿಫಾರಸು ಮಾಡಿತು, 2023ರ ಮಾರ್ಚ್‌ನಲ್ಲಿ ಬ್ರಿಟನ್ ಕೂಡ ಹಿಂತೆಗೆಯಿತು. ಬ್ರಿಟನ್ನಿನಲ್ಲಿ 2018ರಲ್ಲಿ ಬಂದ ದೊಡ್ಡ ಸಮೀಕ್ಷೆಯ ಪ್ರಕಾರ ಶಸ್ತ್ರಚಿಕಿತ್ಸೆಯ ವೇಳೆಯ ತೀವ್ರ ಅಲರ್ಜಿ ಸುಮಾರು 10,000ದಲ್ಲಿ ಒಬ್ಬರಿಗೆ. ಕಾರಣಗಳಲ್ಲಿ ಮೊದಲ ಸ್ಥಾನ ಪ್ರತಿಜೀವಕಗಳದು, ಎರಡನೆಯದು ನಮ್ಮ ಈ ಔಷಧಗಳದು.

ಒಂದಕ್ಕೆ ಅಲರ್ಜಿ ಇದ್ದವರಿಗೆ ಇದೇ ಗುಂಪಿನ ಇನ್ನೊಂದಕ್ಕೂ ಇರಬಹುದು. ಪಟ್ಟಿಯ ಮೇಲೆ ಒಂದೇ ಹೆಸರಿದ್ದರೆ, ಉಳಿದವುಗಳಲ್ಲಿ ಯಾವುದನ್ನು ಪರೀಕ್ಷಿಸಿ ಸುರಕ್ಷಿತ ಎಂದರು ಎಂಬ ಕಾಗದವನ್ನೂ ಜೊತೆಗಿಟ್ಟುಕೊಳ್ಳಿ.

ಇಬ್ಬರ ಅಪ್ಪ

ನನ್ನ ಹಿರಿಯ ಮಗನಿಗೆ ಡುಶೆನ್ ಸ್ನಾಯುಕ್ಷಯ ಇದೆ. ಮುಂಜಾವು ಅವರು ಮಗನ ವಿಷಯ ಬರೆದದ್ದರಿಂದ ಹೇಳುತ್ತಿದ್ದೇನೆ. ಇವನಿಗೆ ಸಕ್ಸಿನೈಲ್‌ಕೋಲಿನ್ ಕೊಡಲೇಬಾರದು ಎಂದು ನಮಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದಾರೆ. ಏಕೆಂದು ಡಾಕ್ಟರ್ ವಿವರಿಸಿದರೆ ಬೇರೆ ತಂದೆತಾಯಿಗೂ ಉಪಯೋಗವಾದೀತು.

ನಿದ್ದೆಗಾವಲು

ಸ್ನಾಯು ಕುಗ್ಗಿದಾಗ ಒಳಗಿನ ಪೊಟ್ಯಾಸಿಯಂ ಸ್ವಲ್ಪ ರಕ್ತಕ್ಕೆ ಸೋರುತ್ತದೆ. ಆರೋಗ್ಯವಂತರಲ್ಲಿ ಸಕ್ಸಿನೈಲ್‌ಕೋಲಿನ್ ನಂತರ ಲೀಟರಿಗೆ ಸುಮಾರು 0.5 ಮಿಲಿಮೋಲ್ ಏರುತ್ತದೆ, ತೊಂದರೆಯಿಲ್ಲ. ಸ್ನಾಯುಕ್ಷಯದ ಮಕ್ಕಳಲ್ಲಿ ಸ್ನಾಯುಕೋಶದ ಗೋಡೆಯೇ ದುರ್ಬಲ. ಒಮ್ಮೆಲೇ ಪೊಟ್ಯಾಸಿಯಂ ನುಗ್ಗಿ ಹೃದಯ ನಿಂತುಬಿಡಬಹುದು. ದೊಡ್ಡ ಸುಟ್ಟಗಾಯವಾಗಿ ದಿನಗಳು ಕಳೆದವರು, ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯುವಿನಿಂದ ಅಂಗ ಬಿದ್ದವರು, ವಾರಗಟ್ಟಲೆ ಹಾಸಿಗೆ ಹಿಡಿದವರು, ಇವರಲ್ಲೂ ಗ್ರಾಹಕಗಳು ಸ್ನಾಯುವಿನ ಉದ್ದಕ್ಕೂ ಹಬ್ಬಿಕೊಂಡು ಇದೇ ಅಪಾಯ ತರುತ್ತವೆ.

ಕಷ್ಟವೆಂದರೆ ಪುಟ್ಟ ಗಂಡುಮಕ್ಕಳಲ್ಲಿ ಡುಶೆನ್ ಇದೆಯೆಂಬುದೇ ಎಷ್ಟೋ ಸಲ ಗೊತ್ತಾಗಿರುವುದಿಲ್ಲ. ಆಡಿಕೊಂಡಿದ್ದ ಮಗು ಥಿಯೇಟರಿನಲ್ಲಿ ಹೃದಯಸ್ತಂಭನಕ್ಕೆ ಗುರಿಯಾದ ಪ್ರಕರಣಗಳ ನಂತರ, 1990ರ ದಶಕದ ಆರಂಭದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಮಕ್ಕಳಲ್ಲಿ ಇದನ್ನು ಈಗ ದಿನನಿತ್ಯದ ಚಿಕಿತ್ಸೆಗೆ ಬಳಸಬಾರದು, ಶ್ವಾಸನಾಳದ ತುರ್ತಿಗೆ ಮಾತ್ರ ಎಂಬುದು ಒಪ್ಪಿತ ನಿಯಮ. ಮಕ್ಕಳಲ್ಲಿ ನಾಡಿಯೂ ಇದರಿಂದ ಬೇಗ ಇಳಿಯುತ್ತದೆ, ಎರಡನೆಯ ಸಲ ಕೊಟ್ಟರಂತೂ ಇನ್ನೂ ಹೆಚ್ಚು.

ಇನ್ನೊಂದು ಅಪಾಯವೂ ಇದೆ, ಮಾರಕ ಜ್ವರತಾಪ: ಅರಿವಳಿಕೆಯಲ್ಲಿ ಸ್ನಾಯುಗಳು ಬಿಗಿದು ಮೈಬಿಸಿ ವಿಪರೀತ ಏರುವ ಸ್ಥಿತಿ. ಇಂಗ್ಲಿಷಿನಿಂದ ಬಂದ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಹೆಸರನ್ನೇ ನೆನಪಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಹೇಳಲು ಬೇಕಾಗುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಡೆನ್‌ಬರೋ ಮತ್ತು ಲೊವೆಲ್ ಎಂಬ ವೈದ್ಯರು ಕಾಲು ಮುರಿದ 21 ವರ್ಷದ ಯುವಕನೊಬ್ಬನ ಬಗ್ಗೆ ಬರೆದರು. ಕಾಲಿಗಿಂತ ಹೆಚ್ಚಾಗಿ ಅವನಿಗೆ ಅರಿವಳಿಕೆಯ ಭಯ. ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಕೊಟ್ಟ ಮೇಲೆ ಸತ್ತಿದ್ದರು. ಅವನ ಮಾತನ್ನು ವೈದ್ಯರು ಕಿವಿಗೆ ಹಾಕಿಕೊಂಡದ್ದರಿಂದ ಈ ಆನುವಂಶಿಕ ಕಾಯಿಲೆ ಜಗತ್ತಿಗೆ ಗೊತ್ತಾಯಿತು. ಅರಿವಳಿಕೆಯ ಅನಿಲಗಳು ಮತ್ತು ಸಕ್ಸಿನೈಲ್‌ಕೋಲಿನ್ ಅದನ್ನು ಕೆರಳಿಸುತ್ತವೆ. ರೋಕುರೋನಿಯಂ ಗುಂಪು ಕೆರಳಿಸುವುದಿಲ್ಲ. ಡ್ಯಾಂಟ್ರೊಲೀನ್ ಎಂಬ ಔಷಧ ಬರುವ ಮುನ್ನ ಬಹುಪಾಲು ರೋಗಿಗಳು ಉಳಿಯುತ್ತಿರಲಿಲ್ಲ. ಮನೆತನದಲ್ಲಿ ಯಾರಿಗಾದರೂ “ಅರಿವಳಿಕೆಯಲ್ಲಿ ಏನೋ ಆಗಿತ್ತು” ಎಂಬ ಮಾತಿದ್ದರೆ ನಮಗೆ ಹೇಳಿ ಎಂದು ನಾವು ಗೋಗರೆಯುವುದು ಅದಕ್ಕೇ.

ಮೌನದೊಳಗೆ (ಬುಧವಾರ, ನಸುಕು)

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಇಲ್ಲಿ ಯಾರೂ ಹೇಳದ ಪರಿಣಾಮವೊಂದಿದೆ. ನನಗೆ ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಾಗಿತ್ತು.

ಶಬ್ದ ಮೊದಲು ಬಂತು. ಲೋಹದ ತಟ್ಟೆಯ ಸದ್ದು, ಯಾರೋ ದಾರ ಕೇಳಿದ್ದು. ಮುಗಿದಿದೆ ಎಂದುಕೊಂಡೆ. ಕಣ್ಣು ತೆರೆಯಲು ಹೋದೆ, ಆಗಲಿಲ್ಲ. ಬೆರಳು ಆಡಿಸಲು ಹೋದೆ, ಆಗಲಿಲ್ಲ. ಉಸಿರು ತೆಗೆದುಕೊಳ್ಳಲು ಹೋದರೆ ಎದೆ ನನ್ನ ಮಾತು ಕೇಳದೆ ತನ್ನಷ್ಟಕ್ಕೆ ಉಬ್ಬುತ್ತಿತ್ತು. ಸತ್ತಿದ್ದೇನೆ, ಸತ್ತವರಿಗೂ ಕೇಳಿಸುತ್ತದೆ ಎಂದುಕೊಂಡೆ. ನೋವು ಅಷ್ಟಾಗಿ ಇರಲಿಲ್ಲ. ನೋವಿದ್ದವರ ಪಾಡು ಊಹಿಸಲಾರೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಹೇಳಿದಾಗ ಒಬ್ಬರು “ಕನಸು ಕಂಡಿರಬೇಕು” ಎಂದರು. ಆ ಮಾತಿನ ಗಾಯ ಇನ್ನೂ ಮಾಯ್ದಿಲ್ಲ.

ನಿದ್ದೆಗಾವಲು

ನೀವು ಬರೆದದ್ದು ಒಳ್ಳೆಯದಾಯಿತು. ಅದು ಕನಸಲ್ಲ.

ಈ ಔಷಧಗಳು ಪ್ರಜ್ಞೆಯನ್ನು ಮುಟ್ಟುವುದೇ ಇಲ್ಲ. ಇದನ್ನು ತಿಳಿಯಲು ಸ್ಕಾಟ್ ಸ್ಮಿತ್ ಎಂಬ ಅಮೆರಿಕದ ಅರಿವಳಿಕೆ ವೈದ್ಯರು ಎಚ್ಚರವಿರುವಾಗಲೇ ತಮಗೆ ಕ್ಯುರಾರೆ ಚುಚ್ಚಿಸಿಕೊಂಡು ಪೂರ್ತಿ ನಿಶ್ಚಲರಾದರು. ಆ ಹೊತ್ತಿನಲ್ಲಿ ಸುತ್ತ ನಡೆದದ್ದನ್ನೆಲ್ಲ ಆಮೇಲೆ ಸರಿಯಾಗಿ ಹೇಳಿದರು. 1947ರಲ್ಲಿ ಅದು ಪ್ರಕಟವಾಯಿತು. ನಿದ್ದೆಯ ಔಷಧ ಕಡಿಮೆಯಾದರೆ ರೋಗಿ ಮಿಸುಕಾಡಿ ತಿಳಿಸಬೇಕು. ಸ್ನಾಯು ಸಡಿಲಿಸುವ ಔಷಧ ಆ ಒಂದೇ ದಾರಿಯನ್ನು ಮುಚ್ಚಿಬಿಡುತ್ತದೆ. 2014ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಇಂಥ ದೂರುಗಳನ್ನು ಎಣಿಸಿದರು. ಒಟ್ಟಾರೆ 19,000 ಅರಿವಳಿಕೆಗಳಲ್ಲಿ ಒಂದು. ಸ್ನಾಯು ಸಡಿಲಿಸುವ ಔಷಧ ಕೊಟ್ಟಲ್ಲಿ ಸುಮಾರು 8,000ಕ್ಕೆ ಒಂದು, ಕೊಡದಿದ್ದಲ್ಲಿ ಸುಮಾರು 1,36,000ಕ್ಕೆ ಒಂದು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನಾನು ಪ್ರತಿ ಬೆಳಿಗ್ಗೆ ಥಿಯೇಟರಿಗೆ ಹೋಗುವಾಗ ನೆನೆಯುತ್ತೇನೆ.

ನಿಮ್ಮನ್ನು ನಂಬದವರ ಪರವಾಗಿ, ಅವರ ವೃತ್ತಿಯವನಾಗಿ, ನಾನು ಕ್ಷಮೆ ಕೇಳುತ್ತೇನೆ. ಈ ಅನುಭವಕ್ಕೆ ಆಪ್ತಸಮಾಲೋಚನೆ, ಚಿಕಿತ್ಸೆ ಇದೆ. ತಡವಾಯಿತು ಎಂದೇನಿಲ್ಲ.

ಮೌನದೊಳಗೆ

ಧನ್ಯವಾದ. ಹೋಗುತ್ತಿದ್ದೇನೆ, ಎರಡು ವರ್ಷದಿಂದ.

ಮುಂಜಾವು (ಶುಕ್ರವಾರ ರಾತ್ರಿ)

ಅತ್ತಿಗೆ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಕಾಗದ ತೆಗೆದುಕೊಟ್ಟರು. ಅರಿವಳಿಕೆಯ ಹಾಳೆ ಮಸುಕಾಗಿದೆ, ಆದರೂ ಓದಬಹುದು. ಸಕ್ಸಿನೈಲ್‌ಕೋಲಿನ್ ಒಂದೇ ಸಲ ಕೊಟ್ಟಿದ್ದಾರೆ. ಬೇರೆ ಸ್ನಾಯು ಸಡಿಲಿಸುವ ಔಷಧದ ಹೆಸರಿಲ್ಲ. ಕೆಳಗೆ “ಉಸಿರಾಟ ಮರಳುವುದು ತಡ, ವೆಂಟಿಲೇಟರ್” ಎಂದಿದೆ. ಡಿಸ್ಚಾರ್ಜ್ ಪತ್ರದಲ್ಲಿ ಅದರ ಸುಳಿವೂ ಇಲ್ಲ. ಹನ್ನೊಂದು ವರ್ಷ ಈ ಹಾಳೆ ಪೆಟ್ಟಿಗೆಯಲ್ಲಿ ಮಲಗಿತ್ತು.

ಮೌನದೊಳಗೆ ಅವರ ಬರಹವನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ “ನನಗೂ ಕೇಳಿಸುತ್ತಿತ್ತು” ಎಂದ. ಇನ್ನೂ ಉಸಿರು ಬಂದಿಲ್ಲ ಎಂದು ಯಾರೋ ಹೇಳಿದ್ದು, ತಲೆಯ ಮೇಲೊಂದು ನೀಲಿ ದೀಪ, ರೆಪ್ಪೆಯ ಸಂದಿನಲ್ಲಿ ಕಂಡದ್ದು. ಅತ್ತಿಗೆಗೂ ಹೇಳಿರಲಿಲ್ಲ. ನಾವೆಲ್ಲ ಆಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು.

ನಿದ್ದೆಗಾವಲು

ಹಾಳೆಯ ಚಿತ್ರ ಸ್ಕೋಲಿನ್ ಅಪ್ನಿಯಾಕ್ಕೇ ಹೊಂದುತ್ತದೆ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಎರಡೇ: ಔಷಧ ಇಳಿಯುವವರೆಗೆ ಉಸಿರಾಡಿಸುವುದು, ಅಷ್ಟೂ ಹೊತ್ತು ನಿದ್ದೆಯಲ್ಲಿಡುವುದು. ಮೊದಲನೆಯದು ನಡೆದದ್ದರಿಂದ ನಿಮ್ಮ ಅಣ್ಣ ಬದುಕಿದ್ದಾರೆ. ಎರಡನೆಯದು ತಪ್ಪಿಹೋಗಿದೆ.

ಅವರಿಗೆ ರಕ್ತಪರೀಕ್ಷೆ ಮಾಡಿಸಿ. ಕಿಣ್ವದ ಪ್ರಮಾಣದ ಜೊತೆಗೆ ಡಿಬುಕೇನ್ ಸಂಖ್ಯೆ ಎಂದು ಕೇಳಿ. ಡಿಬುಕೇನ್ ಎಂಬ ವಸ್ತು ಸಹಜ ಕಿಣ್ವವನ್ನು ಶೇಕಡಾ 80ರಷ್ಟು ತಡೆಯುತ್ತದೆ, ದೋಷದ ಕಿಣ್ವವನ್ನು 20ರಷ್ಟೇ. ಒಂದು ವಂಶವಾಹಿ ಮಾತ್ರ ದೋಷದ್ದಾದರೆ 60ರ ಆಸುಪಾಸು. ನಿಮಗೂ ಮಗನಿಗೂ ಮಾಡಿಸಿ. ನಿಮಗೆ ಮೊನ್ನೆ ಅದೇ ಔಷಧ ಕೊಟ್ಟು ಹೊತ್ತಿಗೆ ಸರಿಯಾಗಿ ಎಚ್ಚರವಾಗಿದೆ, ಹಾಗಾಗಿ ಎರಡೂ ವಂಶವಾಹಿಗಳು ಕೆಟ್ಟಿರುವ ಸಂಭವ ಕಡಿಮೆ. ನಿಮ್ಮ ಮೈನೋವಿಗೂ ಇದಕ್ಕೂ ನಂಟಿಲ್ಲ. ನೋವು ಬರದಿದ್ದರೆ ನೀವು ಆ ಹಾಳೆಯನ್ನು ಓದುತ್ತಿರಲಿಲ್ಲ, ಅಷ್ಟೇ.

ಔಷಧಶಾಸ್ತ್ರ ವಿದ್ಯಾರ್ಥಿ

ಮಿವಾಕುರಿಯಂ ಎಂಬುದನ್ನೂ ಒಡೆಯುವುದು ಇದೇ ಕಿಣ್ವ. ಅಣ್ಣನವರ ಚೀಟಿಯಲ್ಲಿ ಎರಡೂ ಹೆಸರು ಇರಲಿ.

ಮುಂಜಾವು (ಮೂರು ವಾರಗಳ ನಂತರ)

ಫಲಿತಾಂಶ ಬಂತು. ಅಣ್ಣನದು 19. ನನ್ನದು 58. ಮಗನದು 81. ಅಣ್ಣನ ಮಗಳಿಗೆ ಒಂದು ವಂಶವಾಹಿ ತಂದೆಯಿಂದ ಬಂದೇ ಬಂದಿರುತ್ತದೆ ಎಂದರು, ಅವಳಿಗೂ ಚೀಟಿ ಮಾಡಿಸುತ್ತಿದ್ದೇವೆ.

ನಿನ್ನೆ ಮಗನ ಟಾನ್ಸಿಲ್ ತೆಗೆದರು. ಮೊದಲೇ ಭೇಟಿಯಾದ ಅರಿವಳಿಕೆ ವೈದ್ಯೆ ಅಣ್ಣನ ಹಾಳೆಯನ್ನು ಎರಡು ಸಲ ಓದಿದರು. ಮಗನದು ಸಹಜವಾಗಿದ್ದರೂ ಸಕ್ಸಿನೈಲ್‌ಕೋಲಿನ್ ಬೇಕಿಲ್ಲ ಎಂದು ರೋಕುರೋನಿಯಂ ಕೊಟ್ಟರು, ಹೆಬ್ಬೆರಳಿಗೆ ಯಂತ್ರ ಕಟ್ಟಿ ಅಳೆದರು. ಹೊರಬಂದಾಗ “0.96” ಎಂದು ಹೇಳಿದರು. ಚೇತರಿಕೆ ಕೋಣೆ ಅವರೇ, ನೀವು ನೆನಪಾದಿರಿ. ಮಗನಿಗೆ ನಾನು ಒಬ್ಬಳೇ ಕಾಣುತ್ತಿದ್ದೇನೆಯೇ ಇಬ್ಬರೇ ಎಂದು ಕೇಳಿದೆ. ಒಬ್ಬಳೇ ಎಂದು ಬೆರಳು ತೋರಿಸಿದ.

ಪ್ರಶ್ನಾರ್ಥಕ

ಸಂತೋಷವಾಯಿತು. ನನ್ನ ತಾಯಿಯದೂ ಆಯಿತು. ಬೆನ್ನಿಗೆ ಚುಚ್ಚುವ ಅರಿವಳಿಕೆಯಲ್ಲೇ ಮುಗಿಸಿದರು. ಬರೆದುಕೊಟ್ಟ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರಂತೆ.

ಮುಂಜಾವಿನ ಅಣ್ಣ (ಅದೇ ರಾತ್ರಿ)

ತಂಗಿ ಇಲ್ಲಿ ಬರೆದದ್ದನ್ನೆಲ್ಲ ಓದಿದೆ. ಮೌನದೊಳಗೆ ಅವರಿಗೆ ಒಂದು ಪ್ರಶ್ನೆ. ನಿಮಗೆ ಆ ಶಬ್ದಗಳು ಈಗಲೂ ಕೇಳಿಸುತ್ತವೆಯೇ? ನನಗೆ ಆ ನೀಲಿ ದೀಪ ಇಂದಿಗೂ ಕಾಣುತ್ತದೆ, ಹೆಚ್ಚಾಗಿ ಜ್ವರ ಬಂದಾಗ.

ಮೌನದೊಳಗೆ

ತಟ್ಟೆಯ ಸದ್ದು ಕೇಳಿಸುತ್ತದೆ. ಮೊದಲು ಪ್ರತಿ ರಾತ್ರಿ, ಈಗ ಅಪರೂಪಕ್ಕೆ. ನನಗೆ ಚಿಕಿತ್ಸೆ ಕೊಡುವವರು ಮೊದಲ ದಿನ ಕೇಳಿದ್ದು, ಆಗ ಏನು ಹೇಳಬೇಕೆಂದಿದ್ದೆ, ಅದನ್ನು ಈಗ ಹೇಳು ಎಂದು. ಒಂದು ಗಂಟೆ ಬೇಕಾಯಿತು. ನಿಮಗೆ ಬೇಕಾದರೆ ಇಲ್ಲಿಯೇ ಬರೆಯಿರಿ, ನಾನು ಎಚ್ಚರವಾಗಿದ್ದೇನೆ.